‘ಶ್ರೀ’ ಕಳೆದುಕೊಂಡ ಶ್ರೀರಂಗರು

ಪುಣೆಯ ನಮ್ಮ ಸಂಘದ ಪುಸ್ತಕಪಟ್ಟಿಯನ್ನು ಓಪನ್‌ರಿಫೈನ್‌ನಲ್ಲಿ ಶುಚಿ ಮಾಡುತ್ತಿದ್ದೆ. ಲೇಖಕರ ಹೆಸರಿನ ಮೊದಲಿಗಿರುವ ‘ಶ್ರೀ’ ತೆಗೆಯುವ ನಿಯಮ ಶ್ರೀರಂಗರನ್ನು ‘ರಂಗ’ ಮಾಡಿಬಿಟ್ಟಿತು. ಆ ಒಂದು ಸೆಲ್ ಅನ್ನು ಕೈಯಿಂದಲೇ ತಿದ್ದಿದೆ.

ಈ ತಂತ್ರಾಂಶದಲ್ಲಿ ಮಾಡಿದ ಹೆಜ್ಜೆಗಳನ್ನು ಜೇಸನ್ ರೂಪದಲ್ಲಿ ತೆಗೆದು ಇನ್ನೊಂದು ಪಟ್ಟಿಗೂ ಅನ್ವಯಿಸಬಹುದು. ಹಾಗೆ ತೆಗೆದು ಚೆನ್ನೈನ ಗೆಳತಿಗೆ ಕಳಿಸಿದೆ. ಸಂಜೆಯೇ ಫೋನು: “‘ಕೇಳು ಜನಮೇಜಯ’ ಬರೆದದ್ದು ರಂಗ ಅಂತಿದೆಯಲ್ಲೋ!”

ಒಂಟಿ ಸೆಲ್ಲಿನ ತಿದ್ದುಪಡಿ ಆ ಮಾದರಿಯೊಳಗೆ ಸೇರುವುದೇ ಇಲ್ಲವೆಂದು ಆಗ ತಿಳಿಯಿತು. ‘ಶ್ರೀ’ಯ ನಂತರ ಖಾಲಿ ಜಾಗವಿದ್ದರೆ ಮಾತ್ರ ತೆಗೆಯುವಂತೆ ನಿಯಮವನ್ನೇ ಬದಲಿಸಿ ಕಳಿಸಿದೆ. ಅವಳು ಹಳೆಯದನ್ನು ಅಂಡೂ ಮಾಡಿ ಇದನ್ನು ಹಾಕಿದಳು, ಶ್ರೀರಂಗರು ಮರಳಿದರು.

ಕೈತಿದ್ದುಪಡಿ ನನ್ನ ಪಟ್ಟಿಯನ್ನಷ್ಟೇ ಕಾಪಾಡಿತ್ತು. ಕಂಡ ತಪ್ಪನ್ನು ನಿಯಮದಲ್ಲೇ ಸರಿಪಡಿಸಿದ ಮೇಲೆಯೇ ಅದು ಇನ್ನೊಬ್ಬರಿಗೆ ಕೊಡುವಂಥ ಕೆಲಸವಾಯಿತು.