ಜಾರುವ ವಿದ್ಯೆ

ನಮ್ಮಂಥ ಸರಕಾರಿ ಗುಮಾಸ್ತರಿಗೆ ನಿಯಮವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಿಯಮದಲ್ಲಿ ಬರೆದದ್ದು ಒಂದು, ಬರೆಯದೆ ಬಿಟ್ಟದ್ದು ಇನ್ನೊಂದು. ಕಡತ ಮುಂದಕ್ಕೆ ಸರಿಯುವ ದಾರಿ ಎಷ್ಟೋ ಸಲ ಆ ಎರಡನೆಯದರಲ್ಲಿಯೇ ಇರುತ್ತದೆ. ಅದಕ್ಕೇ ಏನೋ, ಹುಡುಗಾಟಿಕೆಯೆಂದು ಹಿರಿಯರು ಮೂಗು ಮುರಿಯುವ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಎಂಬ ವಿಡಿಯೋ ಆಟ ನಮ್ಮ ಮನಸ್ಸನ್ನು ಹಿಡಿದುಬಿಟ್ಟಿದೆ. ಮೂವತ್ತೈದು ದಾಟಿದ ಬಿ.ಎ. ಪದವೀಧರರು ಇಂಥದನ್ನು ಆಡುವುದೆ ಎಂದು ವಾಚಕರು ಕೇಳಬಹುದು. ಇಸ್ಪೀಟು ಆಡುವವರನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ!

ಈ ಆಟ 2001ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಹೊರಬಂತು. ನಿರ್ದೇಶಕರು ಮಸಾಹಿರೊ ಸಕುರಾಯಿ. ಬಯಲಲ್ಲಿ ತೇಲುವ ಒಂದು ಜಗಲಿ, ಅದರ ಮೇಲೆ ಹೊಡೆದಾಟ. ಏಟು ತಿಂದಷ್ಟೂ ಶೇಕಡಾ ಏರುತ್ತದೆ. ಅದು ಏರಿದಷ್ಟೂ ಮುಂದಿನ ಏಟಿಗೆ ಆಳು ದೂರ ಹಾರುತ್ತಾನೆ. ಅಂಚಿನಾಚೆ ಹೋಗಿ ಮರಳದವನು ಸತ್ತಂತೆ. ಆದಕಾರಣ ಇಲ್ಲಿ ತೋಳಿಗಿಂತ ಕಾಲಿನ ಬೆಲೆ ಹೆಚ್ಚು.

ಆ ಕಾಲಿನ ವಿದ್ಯೆಗಳಲ್ಲಿ ಹಿರಿದು ‘ವೇವ್‌ಡ್ಯಾಶ್’. ನೆಗೆದವನು ಏಟು ತಪ್ಪಿಸಿಕೊಳ್ಳಲೆಂದು ಗಾಳಿಯಲ್ಲಿ ಒಮ್ಮೆ ಯಾವ ದಿಕ್ಕಿಗಾದರೂ ನುಣುಚಿಕೊಳ್ಳಬಹುದೆಂಬುದು ನಿಯಮ. ಕಾಲು ನೆಲ ಬಿಟ್ಟ ಕ್ಷಣದಲ್ಲೇ ಓರೆಯಾಗಿ ಕೆಳಕ್ಕೆ ನುಣುಚಿಕೊಂಡರೆ? ನೆಲ ಅಡ್ಡ ಬಂದು ಕೆಳಮುಖದ ವೇಗ ಅಲ್ಲಿಗೇ ಮುಗಿಯುತ್ತದೆ, ಅಡ್ಡ ವೇಗ ಮಾತ್ರ ಉಳಿಯುತ್ತದೆ. ಆಳು ನಿಂತ ನಿಲುವಿನಲ್ಲೇ, ಎಣ್ಣೆ ಚೆಲ್ಲಿದ ಗಾರೆ ನೆಲದ ಮೇಲೆ ಹೋದಂತೆ ಜಾರುತ್ತಾನೆ. ಹಿಂದಕ್ಕೆ ಸರಿದರೂ ಮುಖ ಎದುರಾಳಿಯ ಕಡೆಗೇ. ಓಡುವವನಿಗೆ ಈ ಅನುಕೂಲವಿಲ್ಲ. ಹಸಿರು ಟೊಪ್ಪಿಗೆಯ ಲುಯಿಜಿಯ ಕಾಲಿಗೆ ಹಿಡಿತ ಕಡಮೆ. ಅವನು ಎಲ್ಲರಿಗಿಂತ ದೂರ ಜಾರಬಲ್ಲ, ಕುಂದೇ ಬಂಡವಾಳವಾಯಿತು!

ಹೇಳಿದಷ್ಟು ಸುಲಭವಲ್ಲ. ಈ ಆಟದಲ್ಲಿ ಸೆಕೆಂಡಿಗೆ 60 ಚಿತ್ರಗಳು ಓಡುತ್ತವೆ. ನರಿ ಫಾಕ್ಸನಿಗೆ ನೆಲ ಬಿಡಲು 3 ಚಿತ್ರ ಸಾಕು, ಅಂದರೆ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು. ಭಾರಿ ಮೈಯ ಬೌಸರನಿಗೆ 8 ಬೇಕು. ಪ್ರತಿಯೊಬ್ಬನಿಗೂ ಬೇರೆ ತಾಳ. ಇದಲ್ಲದೆ ಗಾಳಿಯಲ್ಲಿ ಹೊಡೆದು ಇಳಿದವನು ನೆಲದ ಮೇಲೆ ತುಸು ಹೊತ್ತು ಕೈಕಾಲು ಕಟ್ಟಿದವನಂತೆ ನಿಲ್ಲಬೇಕು. ಇಳಿಯುವ ಮೊದಲಿನ 7 ಚಿತ್ರಗಳೊಳಗೆ ರಕ್ಷೆಯ ಗುಂಡಿ ಒತ್ತಿದರೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ.

ನಮಗೆ ಇದನ್ನೆಲ್ಲ ಕಲಿಸಿದವನು ಅಣ್ಣನ ಮಗ. ಪುಣೆಯಲ್ಲೇ ಹುಟ್ಟಿದವನು, ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಇದು ಯಾವ ಮನೆಯ ಕಥೆಯಲ್ಲ, ಹೇಳಿ. ನಾವು ಒಂದು ಕರಾರು ಹಾಕಿದೆವು: ಕನ್ನಡದಲ್ಲಿ ಕಲಿಸಿದರೆ ಮಾತ್ರ ಕಲಿಯುವೆವು. ಮೊದಮೊದಲು ತಡವರಿಸಿದ. ಈಗ ಪ್ರತಿ ಭಾನುವಾರ ಬೈಸಿಕೊಳ್ಳುವ ಸರದಿ ನಮ್ಮದು.

“ಕಾಕಾ, ನೀವು ಎರಡೂ ಕೂಡೇ ಒತ್ತತೀರಿ. ಮೊದಲ ಜಿಗೀರಿ, ಆಮ್ಯಾಲೆ ಒತ್ರಿ.”

“ಆಮ್ಯಾಲೆ ಅಂದ್ರ ಎಷ್ಟ್ ಹೊತ್ತೋ?”

“ಹೊತ್ತ ಇಲ್ಲ ಕಾಕಾ, ಎಣಸಬ್ಯಾಡ್ರಿ! ಘಸರಗುಂಡಿ ಮ್ಯಾಲಿಂದ ಬಂದಂಗ ಬರಬೇಕು.”

ಒಳಗಿನಿಂದ ನಮ್ಮ ಅವ್ವ ಕೂಗಿದಳು: “ಜಾರಬಂಡಿ ಅನ್ನೋ ತಮ್ಮಾ!” ಅಂದಿನಿಂದ ನಮ್ಮ ಮನೆಯಲ್ಲಿ ವೇವ್‌ಡ್ಯಾಶಿಗೆ ಜಾರಬಂಡಿಯೆಂದೇ ಹೆಸರು.

ಆಟ ತಯಾರಾಗುತ್ತಿದ್ದಾಗಲೇ ಈ ಜಾರು ಕಣ್ಣಿಗೆ ಬಿದ್ದಿತ್ತೆಂದು ಸಕುರಾಯಿಯವರೇ ಮುಂದೆ ಹೇಳಿದ್ದಾರೆ. ಆದರೂ 2008ರ ‘ಬ್ರಾಲ್’ ಎಂಬ ಮುಂದಿನ ಆಟದಲ್ಲಿ ಅದು ಮಾಯವಾಯಿತು. ಹೊಸಬರಿಗೆ ಹಗುರವಾಗಲೆಂಬುದು ಉದ್ದೇಶ, ಇರಲಿ. ಆದರೆ ಓಡುವವನು ಕಾರಣವಿಲ್ಲದೆ ಒಮ್ಮೊಮ್ಮೆ ಎಡವಿ ಬೀಳುವಂತೆ ಮಾಡಿದ್ದು ನಮಗೆ ಸರಿಬರಲಿಲ್ಲ. ಕಲಿತವನನ್ನು ಬೀಳಿಸಿದರೆ ಕಲಿಯದವನು ಏಳುತ್ತಾನೆಯೆ? ಆಟಗಾರರು ಹಳೆಯದನ್ನೇ ಹಿಡಿದು ಕುಳಿತರು. 2013ರಲ್ಲಿ ಅಮೆರಿಕದ ‘ಇವೊ’ ಪಂದ್ಯಾವಳಿಯ ಕೊನೆಯ ಸ್ಥಾನವನ್ನು, ಸ್ತನ ಕ್ಯಾನ್ಸರಿನ ಸಂಶೋಧನೆಗೆ ಹೆಚ್ಚು ದೇಣಿಗೆ ತಂದ ಆಟಕ್ಕೆ ಕೊಡುವುದೆಂದಾಯಿತು. ಹನ್ನೆರಡು ವರ್ಷ ಹಳೆಯ ಮೆಲೀಯ ಹೆಸರಿನಲ್ಲಿ 94 ಸಾವಿರ ಡಾಲರಿಗೂ ಮೀರಿ ಕೂಡಿತು, ಸ್ಥಾನವೂ ಸಿಕ್ಕಿತು.

ನಮ್ಮ ಗೇಮ್‌ಕ್ಯೂಬ್ ಅಣ್ಣನ ಸ್ನೇಹಿತರೊಬ್ಬರು ಅಮೆರಿಕದಿಂದ ಮರಳುವಾಗ ತಂದದ್ದು. ಅಲ್ಲಿಯ 120 ವೋಲ್ಟಿಗೆಂದು ಒಂದು ಟ್ರಾನ್ಸ್‌ಫಾರ್ಮರು ಬೇರೆ. ಹೊಸ ಚಪ್ಪಟೆ ಟಿ.ವಿ.ಗಳು ಚಿತ್ರ ತೋರಿಸುವುದು ಕಣ್ಣೆವೆಯಷ್ಟು ತಡ, ಈ ಆಟಕ್ಕೆ ಅದೂ ಹೆಚ್ಚು. ಆದ್ದರಿಂದ ಗಾಜಿನ ಹಳೆಯ ಟಿ.ವಿ.ಯೇ ಆಗಬೇಕು. ಎರಡು ಕೋಣೆಯ ಮನೆಯಲ್ಲಿ ಅದೊಂದು ಬಂಡೆಗಲ್ಲು. “ಭಂಗಾರದವಗ ಕೊಡ್ರಿ” ಎಂದು ನಮ್ಮಾಕೆ ಪ್ರತಿ ದೀಪಾವಳಿಗೂ ಹೇಳುತ್ತಾಳೆ. ನಾವು ಪ್ರತಿ ದೀಪಾವಳಿಗೂ ಅದನ್ನು ಒರೆಸಿಡುತ್ತೇವೆ.

ಹುಡುಗ ಈ ವರುಷ ಕಾಲೇಜಿಗೆಂದು ಬೇರೆ ಊರಿನ ಹಾಸ್ಟೆಲಿಗೆ ಹೊರಡುತ್ತಾನೆ. 2020ರಿಂದ ‘ಸ್ಲಿಪ್ಪಿ’ ಎಂಬ ಏರ್ಪಾಡಿನಲ್ಲಿ ಕಂಪ್ಯೂಟರಿನ ಮೂಲಕ ದೂರದವರೊಡನೆಯೂ ಆಡಬಹುದಂತೆ: ಎದುರಿನವನು ಏನು ಒತ್ತಿಯಾನೆಂದು ಯಂತ್ರವೇ ಊಹಿಸಿ ಆಟ ಮುಂದುವರಿಸುತ್ತದೆ, ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದಿಕೊಂಡು ಬರುತ್ತದೆ. ಆಟವೇನೋ ನಡೆದೀತು. ಹಾಸ್ಟೆಲಿನ ಗೆಳೆಯರ ನಡುವೆ ಕುಳಿತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕಾಕಾನನ್ನು ಧಾರವಾಡದ ಮಾತಿನಲ್ಲಿ ಬೈಯುತ್ತಾನೆಯೆ? ಕೇಳಿದೆವು. “ನೋಡೂಣು” ಎಂದ.

ಎಡಕ್ಕೆ ಜಾರುವುದು ನಮಗಿನ್ನೂ ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತದೆ. ಅವನು ಹೊರಡುವುದರೊಳಗೆ ಐದು ಭಾನುವಾರಗಳಿವೆ.