ಹೆನ್ನಿಂಗ್ಸ್‌ವೇರ್‌ನ ಮೀನಿನ ಚಪ್ಪರ

ಸೇತುವೆ ದಾಟಿ ಹೆನ್ನಿಂಗ್ಸ್‌ವೇರ್ ಊರಿಗೆ ಕಾಲಿಡುವ ಮೊದಲೇ ವಾಸನೆ ಎದುರುಗೊಂಡಿತು. ಒಣಮೀನಿನದೇ. ಆದರೆ ನಮ್ಮ ಕರಾವಳಿಯದರಷ್ಟು ಗಾಟಿಲ್ಲ. ಇಲ್ಲಿಯವರು ಉಪ್ಪು ಹಾಕುವುದೇ ಇಲ್ಲ. ಆರ್ಕ್‌ಟಿಕ್ ವೃತ್ತಕ್ಕಿಂತಲೂ ಉತ್ತರಕ್ಕಿರುವ ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಮಾರ್ಚ್ ಬಂತೆಂದರೆ ಎಲ್ಲೆಲ್ಲೂ ಮರದ ಗಳುಗಳ ಚಪ್ಪರ. ಬಾಲಕ್ಕೆ ಬಾಲ ಕಟ್ಟಿ ಜೋಡಿಜೋಡಿಯಾಗಿ ತೂಗುಹಾಕಿದ ಕಾಡ್ ಮೀನು ಎಷ್ಟೆಂದು ಎಣಿಸಲು ಹೋಗಿ ಸೋತೆ. ಮೀನು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ, ನೊಣ ಮುತ್ತುವಷ್ಟು ಸೆಕೆಯಿಲ್ಲ. ಉಳಿದದ್ದೆಲ್ಲ ಗಾಳಿಯ ಕೆಲಸ. ಒಣಗಿದ ಮೀನು ಇಟಲಿಗೆ ಹೊರಡುತ್ತದೆ. ತಲೆಗಳು ನೈಜೀರಿಯಾದ ಸಾರಿನ ಪಾತ್ರೆಗೆ! ನಾಲಗೆ ಕತ್ತರಿಸಿ ಮಾರುವ ಹಕ್ಕು ಮಾತ್ರ ಊರ ಮಕ್ಕಳದು. ಜೇಬಿನ ಖರ್ಚಿಗೆ ಅದೇ ದಾರಿಯಂತೆ.

ಈ ಮೀನನ್ನು ಯಾರೂ ಸಾಕಿಲ್ಲ. ಚಳಿಗಾಲದಲ್ಲಿ ಬ್ಯಾರೆಂಟ್ಸ್ ಸಮುದ್ರದಿಂದ ನೂರಾರು ಕಿಲೋಮೀಟರ್ ಈಜಿ, ಮೊಟ್ಟೆಯಿಡಲು ತಾನಾಗಿ ಬರುತ್ತದೆ. ಸಾವಿರ ವರ್ಷದಿಂದಲೂ ಜನ ಕಾಯುತ್ತಿದ್ದಾರೆ, ಅದು ಬರುತ್ತಿದೆ.

ಮರುದಿನ ದೋಣಿಯವನು ಸಾಲ್ಮನ್ ಪಂಜರದ ಬಳಿ ನಿಲ್ಲಿಸಿದ. ನೀರಿನ ಮೇಲೆ ಒಂದು ದೊಡ್ಡ ಉಂಗುರ ತೇಲುತ್ತಿದೆ, ಅಷ್ಟೇ. ಕೆಳಗೆ ಇಳಿಬಿಟ್ಟ ಬಲೆಯಲ್ಲಿ ಎರಡು ಲಕ್ಷದವರೆಗೆ ಮೀನು ಸಾಕಲು ಅಲ್ಲಿನ ಕಾನೂನು ಬಿಡುತ್ತದೆ! ಕೊಳವೆಗಳಿಂದ ತಿಂಡಿ ಚಿಮ್ಮುತ್ತದೆ. ಹೊಟ್ಟೆ ತುಂಬಿತೋ ಇಲ್ಲವೋ ಎಂದು ನೀರೊಳಗಿನ ಕ್ಯಾಮೆರಾ ನೋಡಿ ಹೇಳುತ್ತಾರೆ. ಸಾಲ್ಮನ್‌ಗೂ ಹೇನಿನ ಕಾಟವುಂಟು. ಹೆಕ್ಕಿ ತಿನ್ನಲೆಂದೇ ಬೇರೆ ಜಾತಿಯ ಮೀನುಗಳನ್ನು ಜೊತೆಗೆ ಬಿಟ್ಟಿರುತ್ತಾರೆ. 1970ರಲ್ಲಿ ಹಿತ್ರಾ ದ್ವೀಪದಲ್ಲಿ ಇಬ್ಬರು ಸಹೋದರರು ತೇಲುಪಂಜರ ಕಟ್ಟಿ ಗೆದ್ದರು; ಇಂದು ಜಗತ್ತಿನ ಸಾಕಿದ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಅರ್ಧದಷ್ಟು ನಾರ್ವೆಯದು.

ಜಗತ್ತಿನ ಲೆಕ್ಕವೂ ಹೀಗೇ ಹೊರಳಿದೆ. ಹಿಡಿದ ಮೀನಿನ ಪ್ರಮಾಣ 1980ರ ದಶಕದ ಕೊನೆಯಿಂದ 9 ಕೋಟಿ ಟನ್ನಿನ ಆಸುಪಾಸಿನಲ್ಲೇ ನಿಂತಿದೆ. 2022ರಲ್ಲಿ ಮೀನು, ಸಿಗಡಿ, ಚಿಪ್ಪುಜೀವಿಗಳೆಲ್ಲ ಸೇರಿ ಸಾಕಿದ್ದು 9.44 ಕೋಟಿ ಟನ್, ಹಿಡಿದದ್ದು 9.1 ಕೋಟಿ. ಸಾಕಣೆ ಮುಂದಾದದ್ದು ಅದೇ ಮೊದಲು.

ಆದರೆ ಆ ತಿಂಡಿ ಎಲ್ಲಿಯದು? ಸೋಯಾ ಜೊತೆಗೆ ಮೀನಿನ ಹಿಟ್ಟು, ಮೀನೆಣ್ಣೆ. ಪೆರು ದೇಶದ ಕಡಲಲ್ಲಿ ಬಾಚಿದ ಆಂಕೊವಿಯ ಬಹುಪಾಲು ಹೀಗೆ ಸಾಕಣೆಯ ತಿಂಡಿಗೇ ಹೋಗುತ್ತದೆ. ಉಳ್ಳಾಲದ ಫಿಶ್‌ಮೀಲ್ ಕಾರ್ಖಾನೆಗಳಲ್ಲಿ ನಮ್ಮ ಬೂತಾಯಿ ಅರೆಯುವುದೂ ಇಂಥದ್ದಕ್ಕೇ. ಪಂಜರ ಕಂಡು ನಾನು ಬಾಯಿಬಿಟ್ಟು ನಿಂತದ್ದು ನಿಜ. ಆದರೂ ಕಡಲ ಮೀನು ತಿನ್ನಿಸಿ ಬೆಳೆಸುವ ಸಾಲ್ಮನ್‌ಗಿಂತ, ಆಂಧ್ರದ ಕೆರೆಗಳಲ್ಲಿ ತೌಡು, ಹಿಂಡಿ ತಿಂದು ಬೆಳೆಯುವ ಕಟ್ಲಾ, ರೋಹುಗಳಿಗೇ ನನ್ನ ಮತ.