ಸಾವಿರ ವೊನ್ನಿನ ಒಗರು

ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ ಮಗಳ ಮನೆಯಿರುವ ಬೀದಿಯ ಕೊನೆಗೊಂದು ಅಗ್ಗದ ಸೂಪರ್‌ಮಾರ್ಕೆಟ್ ಇದೆ. ಸ್ಯಾಮ್‌ಸಂಗ್‌ನಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆ ಸುತ್ತಿನಲ್ಲಿ ಸಾಕಷ್ಟಿದ್ದಾರೆ. ಅಕ್ಕಿ, ಈರುಳ್ಳಿ, ಮೊಸರಿಗೆ ಅವರೂ ಅಲ್ಲಿಗೇ ಬರುತ್ತಾರೆ. ಇಮಾರ್ಟ್ ಕಂಪನಿ 2015ರಲ್ಲಿ ‘ನೋ ಬ್ರ್ಯಾಂಡ್’ ಎಂಬ ಹೆಸರಿನಲ್ಲಿ ಹಳದಿ ಪೊಟ್ಟಣದ ಅಗ್ಗದ ಸಾಮಾನು ತಂದಿತಂತೆ. ಆಡಂಬರವಿಲ್ಲ, ಒಳಗೇನಿದೆ ಎಂಬುದು ಹೊರಗೆ ದೊಡ್ಡಕ್ಷರದಲ್ಲಿ, ಅಷ್ಟೆ. ಆ ಬಗೆಯ ಅಂಗಡಿಗಳು ಈಗ ಊರಿಗೆ ಹಲವು. ನಾನು ದಿನವೂ ಸಂಜೆ ಚೀಲ ಹಿಡಿದು ಹೋಗುತ್ತಿದ್ದದ್ದು ಅಂಥ ಒಂದಕ್ಕೆ.

ಹೋದ ಮೊದಲ ವಾರವೇ ಕಣ್ಣಿಗೆ ಬಿದ್ದದ್ದು ಆ ಹಸಿರು. ಒಂದು ಕಪಾಟಿಗೆ ಕಪಾಟೇ ಹಸಿರು: ವೇಫರ್, ಬಿಸ್ಕತ್ತು, ಬಿಳಿ ಚಾಕೊಲೇಟು ಸವರಿದ ಕಡ್ಡಿ, ಅಂಟಕ್ಕಿಯ ಉಂಡೆ, ತಣ್ಣನೆಯ ಲಾಟೆ, ಬಿಸಿನೀರಿಗೆ ಸುರಿದುಕೊಳ್ಳುವ ಪುಡಿ, ಐಸ್‌ಕ್ರೀಂ. ಎಲ್ಲವೂ ಮಾಚಾ. ಕೊರಿಯಾದವರು ಮಲ್‌ಚಾ ಅನ್ನುತ್ತಾರೆ. ಪುಡಿ ಚಹಾ ಎಂದರ್ಥ. ಚಾ ಅಂದರೆ ಅವರಿಗೂ ಚಹಾ, ನಮಗೂ ಚಹಾ. ಆ ಒಂದು ಅಕ್ಷರ ಹಿಡಿದುಕೊಂಡೇ ನಾನು ಅವರ ಲಿಪಿ ಓದಲು ಕಲಿತೆ. ಹಸಿರು ಚಹಾಕ್ಕೆ ಅವರು ಹೇಳುವ ‘ನೊಕ್‌ಚಾ’ ಎಂಬುದನ್ನು ಬರೆಯುವಾಗ ನ್ ಮೇಲೆ, ಒ ನಡುವೆ, ಕ್ ಅದರಡಿಗೆ. ನಮ್ಮ ಒತ್ತಕ್ಷರ ಕೆಳಗೆ ಕೂತಹಾಗೆ. ಅಡಿಯ ಆ ಅಕ್ಷರಕ್ಕೆ ಅವರು ಇಟ್ಟ ಹೆಸರಿನ ಅರ್ಥ ಆಸರೆ. ಸೇಜೊಂಗ್ ದೊರೆ 1446ರಲ್ಲಿ ಜನರ ಕೈಗೆ ಕೊಟ್ಟ ಈ ಲಿಪಿಯನ್ನು ಅರವತ್ತು ದಾಟಿದ ನಾನು ಬಿಸ್ಕತ್ತಿನ ಪೊಟ್ಟಣಗಳ ಮೇಲೆ, ಎರಡು ವಾರದಲ್ಲಿ ಕಲಿತೆ.

ಓದಲು ಬಂದಮೇಲೆ ಕಪಾಟು ಬೇರೆಯೇ ಕಂಡಿತು. ಆ ದೇಶದಲ್ಲೊಂದು ಒಳ್ಳೆಯ ನಿಯಮವಿದೆ. ತಿನಿಸಿನ ಹೆಸರಿನಲ್ಲೇ ಒಂದು ಪದಾರ್ಥದ ಹೆಸರು ಬಂದರೆ, ಅದು ಶೇಕಡ ಎಷ್ಟಿದೆ ಎಂದು ಪೊಟ್ಟಣದ ಮುಖದ ಮೇಲೇ ಬರೆಯಬೇಕು. ಪದಾರ್ಥ ಇಲ್ಲದೆ ಬರಿಯ ಪರಿಮಳ ಬೆರೆಸಿದ್ದರೆ ಅದನ್ನೂ ಹೇಳಬೇಕು. ಬಿಂಗ್ರೆ ಕಂಪನಿ 1974ರಿಂದ ಮಾರುತ್ತಿರುವ, ಅಲ್ಲಿನ ಮಕ್ಕಳೆಲ್ಲ ಕುಡಿದು ಬೆಳೆದ ಹಾಲಿನ ಹೆಸರು ‘ಬನಾನಾ ಮತ್ ಉಯು’. ಮತ್ ಅಂದರೆ ರುಚಿ. ಬಾಳೆಹಣ್ಣಿನ ಹಾಲಲ್ಲ, ಬಾಳೆಹಣ್ಣಿನ ರುಚಿಯ ಹಾಲು. ಈ ಒಂದು ಮಾತಿನ ನಿಷ್ಠೆಗೆ ನನ್ನ ಮನಸ್ಸು ಸೋತಿತು. ಅಂದಿನಿಂದ ನಾನು ಮೊದಲು ಅಂಕೆ ನೋಡುವುದು, ಆಮೇಲೆ ಬೆಲೆ.

ಒಂದು ಶನಿವಾರ ಮಗಳೂ ನಾನೂ ಹಸಿರು ಸಾಮಾನು ಎಂಟು ಬಗೆ ತಂದು ಊಟದ ಮೇಜಿನ ಮೇಲೆ ಹರವಿದೆವು. ಹೆಚ್ಚಿನವು ಸಾವಿರ, ಒಂದೂವರೆ ಸಾವಿರ ವೊನ್ನಿನವು. ನಡುನಡುವೆ ಬಾಯಿ ತೊಳೆಯಲು ಬಿಸಿನೀರು. ಯಾವುದರಲ್ಲಿ ನಿಜವಾಗಿ ಚಹಾ ಇದೆ ಎಂದು ನೋಡಬೇಕಿತ್ತು.

ವೇಫರ್ ಸಿಹಿ, ಇನ್ನೇನಿಲ್ಲ. ಕಡ್ಡಿ ಚೆನ್ನಾಗಿತ್ತು, ಆದರೆ ಆ ರುಚಿ ಬಿಳಿ ಚಾಕೊಲೇಟಿನದು. ಅಂಟಕ್ಕಿಯ ಉಂಡೆಯನ್ನು ಮಗಳ ಪಾಲಿಗೆ ಬಿಟ್ಟೆ. ಲಾಟೆ ಪುಡಿಯ ಮೇಲೆ ನನಗೆ ಬಹಳ ಆಸೆ ಇತ್ತು. ಅದು ನಿರಾಸೆ ಮಾಡಿತು. ಕಡ್ಡಿಯಾಕಾರದ ಸಣ್ಣ ಚೀಲ ಕತ್ತರಿಸಿ ಬಿಸಿನೀರಿಗೆ ಹಾಕಿದರೆ ಲೋಟದ ತುಂಬ ಗಿಳಿಹಸಿರು. ಕುಡಿದರೆ ಸಕ್ಕರೆ, ಆಮೇಲೆ ಹಾಲಿನ ಜಿಡ್ಡು, ಎಲ್ಲೋ ದೂರದಲ್ಲಿ ಒಣಹುಲ್ಲಿನ ವಾಸನೆ. ಹಿಂಬದಿಯ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆಯದು. ಹಾಲಿನ ಅಂಶ ಸೇರಿದರೆ ಒಗರು ಉಳಿಯುವುದೂ ಕಷ್ಟ: ಒಗರಿಗೆ ಕಾರಣವಾದ ಟ್ಯಾನಿನ್ನನ್ನು ಹಾಲಿನ ಕೇಸೀನ್ ಹಿಡಿದುಕೊಂಡುಬಿಡುತ್ತದೆ, ನಾಲಿಗೆಯವರೆಗೆ ಬಿಡುವುದಿಲ್ಲ.

ಕೊನೆಗೆ ಉಳಿದದ್ದು ಒಂದು ಬಿಸ್ಕತ್ತು. ಗುಂಡನೆಯದು, ಅಂಚು ಸ್ವಲ್ಪ ಕಂದು, ಬಣ್ಣ ಮಾಸಲು. ಹುಣಸೆಹುಳಿ ಹಾಕಿ ಬೇಯಿಸಿದ ಹರಿವೆ ಸೊಪ್ಪಿನ ಬಣ್ಣ. ಉಳಿದ ಏಳರ ಪಕ್ಕದಲ್ಲಿ ಅದು ಹಳಸಿದ್ದರಂತೆ ಕಂಡು ಮಗಳು ಬದಿಗೆ ಸರಿಸಿದ್ದಳು. ಮುರಿದರೆ ಸಣ್ಣ ಸದ್ದು. ಮುರಿದಲ್ಲಿ ಒಳಗೆ ಕಡುಹಸಿರಿನ ಚುಕ್ಕೆಗಳು, ಸೊಪ್ಪಿನ ಪುಡಿ ಹಿಟ್ಟಿನಲ್ಲಿ ಪೂರ್ತಿ ಕರಗದೆ ನಿಂತಂತೆ. ಬಾಯಿಗಿಟ್ಟೆ. ಮೊದಲು ಬೆಣ್ಣೆ, ಸಿಹಿ. ಅಗಿದು ನುಂಗಿದ ಮೇಲೆ ನಾಲಿಗೆಯ ಎರಡು ಅಂಚು, ಕೆನ್ನೆಯ ಒಳಬದಿ ಮೆಲ್ಲಗೆ ಬಿಗಿದುಕೊಂಡವು. ಒಗರು!

ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯಲ್ಲಿ ಹುಟ್ಟಿದವಳು ನಾನು. ಕೊಯ್ಲಿನ ಕಾಲಕ್ಕೆ ಹಂಡೆಯಲ್ಲಿ ಸುಲಿದ ಹಸಿ ಅಡಿಕೆ ಕುದಿಯುವಾಗ ಕೆಂಪು ಚೊಗರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, ಮುಖ ಕಿವಿಚಿಕೊಂಡು ಓಡಿದ ಮಕ್ಕಳು ನಾವು. ಕಹಿ ಬೇರೆ, ಒಗರು ಬೇರೆ ಎಂದು ಅಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಹಿ ರುಚಿ, ಒಗರು ಸ್ಪರ್ಶ. ಎಲೆಯ, ಕಾಯಿಯ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪು ಕಳೆಯುತ್ತದೆ, ಅದೇ ಆ ಬಿಗಿತ. ನಮ್ಮ ಹಿರಿಯರು ಅದನ್ನು ಷಡ್ರಸದಲ್ಲಿ ಒಂದಾಗಿ ಎಣಿಸಿ ಮರ್ಯಾದೆ ಕೊಟ್ಟರು. ಕೊರಿಯಾದವರಿಗೂ ಅದಕ್ಕೆ ಪ್ರತ್ಯೇಕ ಮಾತಿದೆ, ‘ತೊಲ್‌ತಾ’. ಮಾಗದ ಪರ್ಸಿಮನ್ ಹಣ್ಣಿನ ಒಗರಿಗೆ ಅವರು ಹೇಳುವುದು ಅದನ್ನೇ. ಅಂಥ ಹಣ್ಣನ್ನು ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ, ಸೂರಿನಡಿ ನೇತುಹಾಕಿ ಒಣಗಿಸಿ ಸಿಹಿಮಾಡಿಕೊಳ್ಳುತ್ತಾರೆ. ಹಿತವಾದ ಸಣ್ಣ ಕಹಿಗೆ ಬೇರೆ ಮಾತು, ‘ಸಪ್‌ಸರುಮ್’. ಇಷ್ಟು ನಯವಾಗಿ ನಾಲಿಗೆಯನ್ನು ಗಮನಿಸಿದ ಜನ ಎಲ್ಲಿದ್ದರೂ ನನಗೆ ನೆಂಟರು.

ಬಿಸ್ಕತ್ತು ಯಾಕೆ ಮಾಸಲಾಗಿತ್ತು ಎಂಬುದು ಆಮೇಲೆ ತಿಳಿಯಿತು. ಎಲೆಹಸಿರಿನ ನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಕಾವಿಗೆ, ಹುಳಿಗೆ ಅದು ಕಳಚಿಕೊಂಡರೆ ಹಸಿರು ಮಾಸಿ ಕಂದಿಗೆ ತಿರುಗುತ್ತದೆ. ಹರಿವೆ ಸೊಪ್ಪಿಗೆ ಆಗುವುದು ಅದೇ. ಒಲೆಯಲ್ಲಿ ಬೆಂದೂ ಗಿಳಿಹಸಿರಾಗಿ ಉಳಿದ ತಿನಿಸಿನ ಪಟ್ಟಿ ಓದಿದರೆ ಕ್ಲೊರೆಲ್ಲಾ ಪಾಚಿಯ ಪುಡಿಯೋ, ಗಾರ್ಡೇನಿಯಾ ಕಾಯಿಯಿಂದ ತೆಗೆದ ಬಣ್ಣವೋ ಇರುತ್ತದೆ. ಅವು ಕೆಟ್ಟವೆಂದಲ್ಲ, ಆದರೆ ಚಹಾ ಅಲ್ಲ. ನಮ್ಮ ಮಾಸಲು ಬಿಸ್ಕತ್ತಿನ ಮುಖದ ಮೇಲೆ ಬರೆದದ್ದು ಶೇಕಡ 1.6. ಪೊಟ್ಟಣ 90 ಗ್ರಾಂ. ಅಂದರೆ ಒಳಗಿರುವ ಪುಡಿ ಒಂದೂವರೆ ಗ್ರಾಂಗೂ ಕಡಿಮೆ. ಬಟ್ಟಲು ಮಾಚಾ ಕಲಸಲು ಬೇಕಾದ 2 ಗ್ರಾಂ ಕೂಡ ಅಲ್ಲ. ಅದೂ ಮಲ್‌ಚಾ ಅಲ್ಲ, ನೊಕ್‌ಚಾ ಪುಡಿ.

ಎರಡಕ್ಕೂ ವ್ಯತ್ಯಾಸವಿದೆ. ಮಾಚಾಕ್ಕೆ ಬೇಕಾದ ಗಿಡಗಳಿಗೆ ಕೊಯ್ಲಿಗೆ ಮೂರು ವಾರ ಮುಂಚೆಯೇ ಚಪ್ಪರ ಹಾಕಿ ಬಿಸಿಲು ತಡೆಯುತ್ತಾರೆ. ನೆರಳಲ್ಲಿ ಎಲೆ ಇನ್ನಷ್ಟು ಹಸಿರಾಗುತ್ತದೆ; ಬಿಸಿಲು ಬಿದ್ದರೆ ಒಗರಿನ ಕ್ಯಾಟೆಚಿನ್ ಆಗಿಬಿಡುವ ಥಿಯನೀನ್ ಹಾಗೇ ಉಳಿದು ಮೃದುವಾದ ರುಚಿ ಕೊಡುತ್ತದೆ. ಕಿತ್ತ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ದಂಟು ತೆಗೆದು, ಬೀಸುಕಲ್ಲಿನಲ್ಲಿ ಬೀಸುತ್ತಾರೆ. ಒಂದು ಕಲ್ಲಿನಿಂದ ಗಂಟೆಗೆ ಇಳಿಯುವುದು 30-40 ಗ್ರಾಂ. ಬೀಸುಕಲ್ಲಿನ ಮುಂದೆ ಕೂತವರಿಗೆ ಆ ನಿಧಾನ ಅರ್ಥವಾಗುತ್ತದೆ. ಅದು ಸಾವಿರ ವೊನ್ನಿಗೆ ಹೇಗೆ ಬಂದೀತು? ಬಿಸಿಲಲ್ಲೇ ಬೆಳೆದ ಎಲೆಯ ಪುಡಿ ಅಗ್ಗ, ಒಗರೂ ಹೆಚ್ಚು. ನನ್ನ ನಾಲಿಗೆ ಹಿಡಿದದ್ದು ಆ ಬಿಸಿಲಿನ ಒಗರನ್ನು.

ಈ ಪುಡಿಚಹಾ ಜಪಾನಿನಿಂದ ಬಂದ ಹೊಸ ಶೋಕಿ ಎಂದು ಅಲ್ಲಿಯ ಕೆಲವರೂ ಅಂದುಕೊಂಡಿದ್ದಾರೆ. ಹಾಗಲ್ಲ. ಸಿಲ್ಲಾ ರಾಜ್ಯದ ದೂತನೊಬ್ಬ 828ರಲ್ಲಿ ಚೀನಾದಿಂದ ತಂದ ಚಹಾ ಬೀಜವನ್ನು ದೊರೆ ಜಿರಿ ಬೆಟ್ಟದಲ್ಲಿ ಬಿತ್ತಿಸಿದ ಎಂದು ಅವರ ಹಳೆಯ ಚರಿತ್ರೆ ‘ಸಂಗುಕ್ ಸಾಗಿ’ ಹೇಳುತ್ತದೆ. ಆ ಬೆಟ್ಟದಡಿಯ ಹಾದೊಂಗ್‌ನ ಚಹಾ ಕೃಷಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಪಾರಂಪರಿಕ ಕೃಷಿಯ ಪಟ್ಟಿಗೆ ಸೇರಿಸಿತು. ಗೊರ್ಯೊ ಅರಸರ ಕಾಲದಲ್ಲಿ ಚಹಾ ಪುಡಿಯನ್ನು ನೀಲಿಹಸಿರು ಪಿಂಗಾಣಿ ಬಟ್ಟಲಲ್ಲಿ ಕಡೆದು ಕುಡಿಯುತ್ತಿದ್ದರು. ನಮ್ಮ ಬಿಸ್ಕತ್ತಿನ ಹಿಂಬದಿಯಲ್ಲಿ ಚಹಾ ಕೊರಿಯಾದ್ದೇ ಎಂದಿತ್ತು. ಹಾದೊಂಗೋ ಬೊಸೊಂಗೋ ಜೇಜು ದ್ವೀಪವೋ, ಎಲ್ಲಿಯದಾದರೂ ಸರಿ, ಯಾವುದೋ ತೋಟದ ಎಲೆ ಅದು. ಇಷ್ಟು ಅಗ್ಗದ ಪೊಟ್ಟಣಕ್ಕೂ ಆ ಎಲೆಯನ್ನು ಎಲೆಯಾಗಿಯೇ ಹಾಕಿದ ಕೈಗೆ ನಾನು ಮನಸಾರೆ ನಮಸ್ಕರಿಸುತ್ತೇನೆ.

ಊರಿಗೆ ಹೊರಡುವಾಗ ಆ ಬಿಸ್ಕತ್ತು ಆರು ಪೊಟ್ಟಣ ತಂದೆ. ನಿಮ್ಮವರು ಯಾರಾದರೂ ಕೊರಿಯಾದಿಂದ ಬರುವವರಿದ್ದರೆ, ಬೆಂಗಳೂರಿನ ಕೊರಿಯನ್ ಅಂಗಡಿಗೆ ನೀವೇ ಹೋದರೂ ಸರಿ, ಗಿಳಿಹಸಿರಿನದನ್ನು ಅಲ್ಲೇ ಬಿಡಿ. ಮುಖದ ಮೇಲೆ ಅಂಕೆ ಇರುವುದನ್ನು, ಬಣ್ಣ ಮಾಸಿರುವುದನ್ನು ಆರಿಸಿ. ತಿಂದ ಕೂಡಲೇ ಇನ್ನೊಂದಕ್ಕೆ ಕೈ ಹಾಕಬೇಡಿ. ಒಂದು ಗುಟುಕು ಬಿಸಿನೀರು ಕುಡಿದು ಸ್ವಲ್ಪ ಸುಮ್ಮನೆ ಕೂತಿರಿ. ಒಗರು ಬರುವುದು ಆಮೇಲೆ.